ಗವರ್ನರನ ಕತೆ ಬರೆಯುತ್ತಿದ್ದವರು

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಫೈಲುಗಳನ್ನು ಮೂರು ತಿಂಗಳಿಗೊಮ್ಮೆ ಅಳಿಸುತ್ತೇವೆ. ಬಾಡಿಗೆ ಕರಾರು, ಲಗ್ನಪತ್ರಿಕೆ, ಕಾಲೇಜಿನವರ ಪ್ರಾಜೆಕ್ಟು, ಎಲ್ಲವೂ ಹೋಗುತ್ತವೆ. ಒಂದನ್ನು ಮಾತ್ರ ಆರು ವರ್ಷದಿಂದ ಅಳಿಸಿಲ್ಲ. ಅದರ ಹೆಸರು ‘ಕ್ಯಾಪ್ಟನ್’. ಅದನ್ನು ಟೈಪು ಮಾಡಿಸಿದವರು ಈ ಆಷಾಢದಲ್ಲಿ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವರ ಮಗಳು ಫೋನು ಮಾಡಿ, “ಅಪ್ಪನ ಪುಸ್ತಕ ಎಲ್ಲಿವರೆಗೂ ಬಂದಿತ್ತು ಆಂಟಿ?” ಎಂದು ಕೇಳಿದರು. ಪುಟದ ಲೆಕ್ಕದಲ್ಲಿ ಹೇಳುವಂಥದಲ್ಲ ಅದು.

ವಿಜಯನಗರದಲ್ಲಿ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಅವರು ಮೊದಲ ಸಲ ಬಂದದ್ದು ಒಂದು ಮಧ್ಯಾಹ್ನ. ಕ್ಯಾನ್ವಾಸ್ ಬೂಟು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲ್ಲು. ತೊಳೆದು ಒಣಗಿಸಿದ ಹಾಲಿನ ಕವರಿನಲ್ಲಿ ಕೈಬರಹದ ಹಾಳೆಗಳನ್ನು ಸುತ್ತಿ ತಂದಿದ್ದರು. ಕೊಡುವ ಮೊದಲು ನನ್ನ ಟೇಬಲ್ಲಿನ ಮೇಲೆ ಅಂಗೈ ಇಟ್ಟು ಒಮ್ಮೆ ಅಲುಗಿಸಿ ನೋಡಿದರು.

“ಒಂದ್ ಕಾಲು ಗಿಡ್ಡ ಇದೆ ನೋಡಮ್ಮ ಇದಕ್ಕೆ.”

“ಹೌದು ಸಾರ್. ಮೊದ್ಲಿಂದಾನೂ ಹಂಗೇ.”

ಮಾರನೆಯ ದಿನ ಒಂದು ರಬ್ಬರಿನ ತುಂಡು ತಂದು, ಮೊಣಕಾಲೂರಿ ಕುಳಿತು, ಆ ಕಾಲಿನ ಕೆಳಗೆ ಇಟ್ಟರು. ಹನ್ನೆರಡು ವರ್ಷ ಅಲ್ಲಾಡುತ್ತಿದ್ದ ಟೇಬಲ್ಲು ನಿಂತಿತು. ಆಮೇಲೆಯೇ ಹಾಳೆಗಳನ್ನು ಕೊಟ್ಟರು. “ಅವಸರ ಇಲ್ಲ. ಪುಸ್ತಕ ಇದು. ಮಟ್ಟವಾಗಿ ಬಂದ್ರೆ ಸಾಕು.”

ಅವರು ಸರ್ಕಾರದ ಕೆರೆ ಕಾಲುವೆಗಳ ಕೆಲಸದಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಹೊಸಹಳ್ಳಿಯಲ್ಲಿ ಮಗಳ ಸಂಸಾರದ ಜೊತೆ ಇದ್ದರು. ಯಾವುದನ್ನೂ ಅವರು ತಪ್ಪು ಎನ್ನುತ್ತಿರಲಿಲ್ಲ, ‘ಮಟ್ಟ ತಪ್ಪಿದೆ’ ಎನ್ನುತ್ತಿದ್ದರು. ನಾನು ಟೈಪು ಮಾಡಿದ್ದರಲ್ಲಿ ಅಕ್ಷರ ಬಿಟ್ಟುಹೋದರೂ ಹಾಗೆಯೇ, ಪಕ್ಕದ ಬೀದಿಯ ಗಂಡ ಹೆಂಡತಿ ಜಗಳವಾಡಿದರೂ ಹಾಗೆಯೇ. ಮಳೆ ಬಂದಾಗ ಎಲ್ಲರೂ ಒಳಗೆ ಓಡಿದರೆ ಅವರು ಛತ್ರಿ ಬಿಚ್ಚಿಕೊಂಡು ಹೊರಗೆ ಹೋಗಿ ಮೋರಿಯ ಬಾಯಿಯಲ್ಲಿ ನಿಲ್ಲುತ್ತಿದ್ದರು. ನೀರು ಯಾವ ಕಡೆಗೆ ತಿರುಗುತ್ತದೆ, ಎಲ್ಲಿ ಸುಳಿಯುತ್ತದೆ ಎಂದು ನೋಡಿ, ಒದ್ದೆ ಬೂಟಿನಲ್ಲಿ ಬಂದು ನಮಗೆ ವರದಿ ಹೇಳುತ್ತಿದ್ದರು. ಕೇಳುವವರು ಯಾರೂ ಇಲ್ಲದಿದ್ದರೂ ಹೇಳುತ್ತಿದ್ದರು.

ಪುಸ್ತಕ ಒಬ್ಬ ಇಂಗ್ಲಿಷ್ ಅಧಿಕಾರಿಯ ಜೀವನ. ಇಪ್ಪತ್ತು ತುಂಬುವ ಹೊತ್ತಿಗೆ ಸೈನ್ಯದ ಎಂಜಿನಿಯರ್ ಆಗಿ ಮದರಾಸಿನಲ್ಲಿ ಹಡಗು ಇಳಿದವನು. ಮೊದಲು ಸಿಪಾಯಿಗಳ ಬ್ಯಾರಕ್ಕು, ಸೇತುವೆ, ಗಾಡಿ ರಸ್ತೆ ಕಟ್ಟಿಸಿದ. ಆಮೇಲೆ ಮೈಸೂರು ಸೀಮೆಯ ಕೆರೆಗಳ ದುರಸ್ತಿಗೆ ಅವನನ್ನು ಹಾಕಿದರು. ವರ್ಷಗಟ್ಟಲೆ ಕುದುರೆಯ ಮೇಲೆ ಕೆರೆಯಿಂದ ಕೆರೆಗೆ ಅಲೆದು, ಯಾವ ಏರಿ ಎಷ್ಟು ಎತ್ತರ, ಯಾವ ತೂಬಿನಿಂದ ಎಷ್ಟು ನೀರು ಹೊರಬೀಳುತ್ತದೆ ಎಂದು ಅಳೆದು ಬರೆದ. ಕರ್ನಲ್ ಆದ. ಕೊನೆಗೆ, ಮಳೆ ಸರಿಯಾಗಿ ಆಗದ ಒಂದು ದೂರದ ದ್ವೀಪಕ್ಕೆ ಅವನನ್ನು ಗವರ್ನರ್ ಮಾಡಿ ಕಳುಹಿಸಿದರು. ಯುದ್ಧ ಗೆದ್ದವರನ್ನಲ್ಲ, ಕೆರೆ ಕಟ್ಟಿದವನನ್ನು ರಾಜ್ಯಭಾರಕ್ಕೆ ಕೂರಿಸಿದ್ದು ಇವರಿಗೆ ದೊಡ್ಡ ಹೆಮ್ಮೆ. ಅವನು ಗವರ್ನರ್ ಆದ ಮೇಲೂ ಇವರ ಬಾಯಲ್ಲಿ ಕ್ಯಾಪ್ಟನ್ ಸಾಹೇಬರೇ. ಅವನು ಬರೆದಿದ್ದ ನೆನಪಿನ ಪುಸ್ತಕವೊಂದನ್ನು ಎಲ್ಲೋ ಹಳೆಯ ಗ್ರಂಥಾಲಯದಲ್ಲಿ ಹುಡುಕಿ ಪೂರ್ತಿ ಜೆರಾಕ್ಸ್ ಮಾಡಿಸಿಕೊಂಡಿದ್ದರು. ಅದರ ಅಂಚಿನ ತುಂಬಾ ಇವರ ಪೆನ್ಸಿಲ್ಲಿನ ಸಣ್ಣ ಅಕ್ಷರ.

ಎದುರಿನ ಟೀ ಅಂಗಡಿಯವನಿಗೆ ಇದೊಂದು ತಮಾಷೆ.

“ಏನ್ ಸಾರ್, ನಿಮ್ ಗವರ್ನರ್ ಸಾಹೇಬ್ರು ಎಲ್ಲಿಗ್ ಬಂದ್ರು ಇವತ್ತು?”

“ಇನ್ನೂ ಗವರ್ನರ್ ಆಗಿಲ್ಲ ಕಣಯ್ಯ. ಕೆರೆ ಕೋಡಿ ಮೇಲೆ ಕೂತವ್ರೆ.”

“ಎರಡ್ ವರ್ಷದಿಂದ ಅಲ್ಲೇ ಕೂತವ್ರಲ್ಲಾ ಸಾರ್! ಅವ್ರಿಗೂ ಒಂದ್ ಟೀ ಕಳಿಸ್ಲಾ?”

“ಸಕ್ಕರೆ ಕಮ್ಮಿ ಹಾಕಿ ಕಳ್ಸು.”

ಬರೆಯುವುದು ನಿಧಾನವಾಗಿತ್ತು. ವಾರಕ್ಕೆ ನಾಲ್ಕು ಹಾಳೆ ಬಂದರೆ ಹೆಚ್ಚು. ಹೋದ ವರ್ಷ ಎದೆನೋವು ಬಂದು ಆಸ್ಪತ್ರೆಗೆ ಹೋಗಿ ಬಂದ ಮೇಲೆ ಸ್ವಲ್ಪ ಬಿರುಸು ಬಂತು. “ಡಾಕ್ಟ್ರು ತೂಬು ಕಟ್ಕೊಂಡಿದೆ ಅಂದ್ರು. ಬಿಡಿಸವ್ರೆ. ಎಷ್ಟ್ ದಿನ ಹರಿಯುತ್ತೋ,” ಎಂದು ನಕ್ಕರು. ಆಮೇಲೆ, “ಅಷ್ಟರಲ್ಲಿ ಇದು ಮುಗೀಬೇಕು,” ಎಂದರು.

ಆ ಕ್ಯಾಪ್ಟನ್ನನ ಮೇಲೆ ಅಷ್ಟು ಪ್ರೀತಿ ಏಕೆ ಎಂದು ನಾನು ಕೇಳಿರಲಿಲ್ಲ. ಅವರೇ ಒಂದು ದಿನ ಹೇಳಿದರು. ಅವರ ಮನೆತನದವರು ಕೆಂಗೇರಿ ಕಡೆಯ ಒಂದು ಕೆರೆಯ ನೀರುಗಂಟಿಗಳು. ಕೆರೆಯ ತೂಬು ತೆಗೆದು, ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವ ಕೆಲಸ ತಲೆತಲಾಂತರದಿಂದ ಅವರದು. ಕ್ಯಾಪ್ಟನ್ ಆ ಕೆರೆಗೆ ಬಂದಾಗ ಏರಿಯಲ್ಲಿ ಎಲ್ಲೋ ನೀರು ಸೋರುತ್ತಿತ್ತು. ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ನೀರುಗಂಟಿಯೊಬ್ಬ ಏರಿಯ ಮೇಲೆ ಬೋರಲು ಮಲಗಿ, ಕಲ್ಲಿಗೆ ಕಿವಿ ಇಟ್ಟು, ಮಾರು ಮಾರಿಗೂ ಆಲಿಸುತ್ತಾ ಹೋಗಿ, ಇಲ್ಲಿ ಅಗೆಯಿರಿ ಎಂದನಂತೆ. ಅಗೆದರೆ ಅಲ್ಲೇ. ಕ್ಯಾಪ್ಟನ್ ಇದನ್ನು ತನ್ನ ಪುಸ್ತಕದಲ್ಲಿ ಒಂದು ಪುಟ ಬರೆದಿದ್ದಾನೆ. ತಾನು ಓದಿದ ಶಾಲೆಯಲ್ಲಿ ಯಾರೂ ಕಲಿಸದ ವಿದ್ಯೆ ಎಂದು ಹೊಗಳಿದ್ದಾನೆ.

“ಅದು ನಮ್ಮ ಮುತ್ತಾತ,” ಎಂದು ಅವರು ಹೇಳಿದಾಗ ಕುರ್ಚಿಯಲ್ಲಿ ಬೆನ್ನು ನೆಟ್ಟಗಾಗಿತ್ತು.

“ಹೆಸರು ಬರೆದಿದಾರಾ ಸಾರ್?”

“ಹೆಸರಿಲ್ಲ. ‘ಒಬ್ಬ ನೀರುಗಂಟಿ’ ಅಂತ ಅಷ್ಟೇ. ಆದ್ರೆ ಕೆರೆ ನಮ್ದೇ. ಅಳತೆ ಕೊಟ್ಟವ್ನೆ, ತಾಳೆ ಆಗುತ್ತೆ.”

ಮುತ್ತಾತನಿಗೆ ಒಬ್ಬ ತಮ್ಮನಿದ್ದ. ಮನೆಯಲ್ಲಿ ಅವನ ಹೆಸರು ಹೇಳುತ್ತಿರಲಿಲ್ಲ. ಮದುವೆಯಾಗಿ ವರ್ಷ ತುಂಬುವ ಮೊದಲೇ ಹೆಂಡತಿಯನ್ನು ಬಿಟ್ಟು, ದೊರೆಗಳ ಹಡಗು ಹತ್ತಿ ಓಡಿಹೋದವನು ಎಂಬುದಷ್ಟೇ ಮನೆಯವರಿಗೆ ಗೊತ್ತಿದ್ದ ಕತೆ. ಆ ಹೆಂಡತಿ ಸಾಯುವವರೆಗೂ ಅದೇ ಮನೆಯಲ್ಲಿ ಇದ್ದಳು. ಗಂಡ ಇದ್ದಾನೋ ಇಲ್ಲವೋ ತಿಳಿಯದ ಕಾರಣ ಕುಂಕುಮ ಅಳಿಸುವಂತಿರಲಿಲ್ಲ, ಊರವರ ಮಾತಿಗೆ ಹೆದರಿ ಹೊಸ ಸೀರೆ ಉಡುವಂತೆಯೂ ಇರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುವಾಗ ಅವಳಿಗೂ ಒಂದು ಎಲೆ ಇತ್ತು. ಅವಳ ಗಂಡನಿಗೆ ಇರಲಿಲ್ಲ. ಚಿಕ್ಕವರಿದ್ದಾಗ ಇವರು ಎಲೆ ಎಣಿಸಿ, ಒಬ್ಬರದು ಕಮ್ಮಿ ಇದೆಯಲ್ಲ ಎಂದು ಕೇಳಿ ಅಜ್ಜಿಯಿಂದ ಏಟು ತಿಂದಿದ್ದರಂತೆ.

“ಓಡಿಹೋದೋನಿಗೆ ಎಡೆ ಯಾಕೆ?” ಎಂದರು ಇವರೂ. ಅಂದು ಅವರ ಮಾತಿನಲ್ಲಿ ಅನುಮಾನ ಇರಲಿಲ್ಲ.

ಹನ್ನೊಂದನೆಯ ಅಧ್ಯಾಯಕ್ಕೆ ಕ್ಯಾಪ್ಟನ್ ಸಾಹೇಬರು ದ್ವೀಪಕ್ಕೆ ಬಂದರು. ಆ ದ್ವೀಪದಲ್ಲಿ ಬೆಟ್ಟದಿಂದ ಇಳಿದ ನೀರು ಒಂದೇ ದಿನದಲ್ಲಿ ಸಮುದ್ರ ಸೇರುತ್ತಿತ್ತು. ಗವರ್ನರ್ ಅಲ್ಲಿ ಮೈಸೂರು ಸೀಮೆಯ ಥರದ ಕೆರೆ ಕಟ್ಟಿಸಲು ಹೊರಟ. ಮಣ್ಣು ಹೊರುವವರು ಸಿಕ್ಕರು, ಕೆರೆ ನೋಡಿಕೊಳ್ಳುವವರು ಸಿಗಲಿಲ್ಲ. ಹಳೆಯ ನೆನಪಿನ ಮೇಲೆ ಪತ್ರ ಬರೆದು, ತಾನು ಕೆಲಸ ಮಾಡಿದ ಕೆರೆಗಳಿಂದ ಹನ್ನೆರಡು ಮಂದಿ ನೀರುಗಂಟಿಗಳನ್ನು ಮೂರು ವರ್ಷದ ಕರಾರಿನ ಮೇಲೆ ಕರೆಸಿಕೊಂಡ. ಐದು ಕೆರೆ ಎದ್ದವು. ಇವರು ಈ ಅಧ್ಯಾಯವನ್ನು ಬಹಳ ಇಷ್ಟಪಟ್ಟು ಬರೆದಿದ್ದರು. ಟೈಪು ಮಾಡುತ್ತಿರುವಾಗ ಪಕ್ಕದ ಸ್ಟೂಲಿನ ಮೇಲೆಯೇ ಕುಳಿತಿದ್ದರು.

ನಾನು ಟೈಪು ಮಾಡುವಾಗ ವಾಕ್ಯಗಳ ಅರ್ಥಕ್ಕೆ ಗಮನ ಕೊಡುವುದು ಕಡಿಮೆ. ಅಂದು ಏಕೋ ಒಂದು ಕಡೆ ಬೆರಳು ನಿಂತಿತು. ಅಲ್ಲಿ ಇದ್ದದ್ದು ಹೀಗೆ: ‘ಕರಾರು ಮುಗಿದ ಮೇಲೆ ನೀರುಗಂಟಿಗಳು ಊರಿಗೆ ಕಳುಹಿಸಿಕೊಡಬೇಕೆಂದು ಎರಡು ಬಾರಿ ಅರ್ಜಿ ಕೊಟ್ಟರು. ಮಳೆಗಾಲ ಎದುರಿಗಿದ್ದುದರಿಂದ ಅವರನ್ನು ಬಿಟ್ಟುಕೊಡಲಾಗಲಿಲ್ಲ. ಕೆಲಸದ ಮೇಲೆ ಗವರ್ನರರಿಗಿದ್ದ ನಿಷ್ಠೆ ಇಂಥದು.’

“ಸಾರ್, ಆಮೇಲೆ ಹೋದ್ರಾ ಅವ್ರು?”

“ಯಾರು?”

“ಈ ಹನ್ನೆರಡ್ ಜನ. ಮಳೆಗಾಲ ಮುಗಿದ್ಮೇಲೆ ಊರಿಗೆ ಹೋದ್ರಾ?”

ಅವರು ಹಾಲಿನ ಕವರಿನಿಂದ ಆ ಜೆರಾಕ್ಸ್ ಪುಸ್ತಕ ತೆಗೆದು ಆ ಪುಟ ಹುಡುಕಿದರು. ಮುಂದಿನ ಪುಟ ನೋಡಿದರು. ಅದರ ಮುಂದಿನದು. ಮುಂದೆಲ್ಲ ಗವರ್ನರನಿಗೆ ಬಡ್ತಿ ಬಂದದ್ದು, ರಾಣಿಯ ಸರ್ಕಾರ ಅವನಿಗೆ ಬಿರುದು ಕೊಟ್ಟದ್ದು, ಅವನು ಆ ದ್ವೀಪ ಬಿಟ್ಟು ಹಡಗು ಹತ್ತಿದ್ದು. ಅವನ ನಾಯಿಯನ್ನು ಜೊತೆಗೆ ಒಯ್ದ ವಿಷಯವೂ ಇತ್ತು. ಹನ್ನೆರಡು ಮಂದಿಯ ಮಾತು ಮತ್ತೆ ಎಲ್ಲಿಯೂ ಬರಲಿಲ್ಲ.

“ಬರೆದಿಲ್ಲ,” ಎಂದರು. ಪುಸ್ತಕವನ್ನು ಮತ್ತೆ ಕವರಿನಲ್ಲಿ ಸುತ್ತಿದರು. ಆಮೇಲೆ, “ಇವತ್ತಿಗೆ ಸಾಕಮ್ಮ,” ಎಂದು ಎದ್ದು ಹೋದರು. ಚಪ್ಪಡಿ ದಾಟಿ ಮೋರಿಯ ಕಡೆ ನೋಡದೆ ನಡೆದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಅದಾದ ಮೇಲೆ ಎರಡು ತಿಂಗಳು ಬರಲಿಲ್ಲ. ಟೀ ಅಂಗಡಿಯವನು, “ಏನ್ ಅಕ್ಕ, ಗವರ್ನರ್‌ನ ಓಡಿಸ್ಬಿಟ್ರಾ?” ಎಂದು ನನ್ನನ್ನು ರೇಗಿಸಿದ. ನನಗೆ ನಗು ಬರಲಿಲ್ಲ. ಹೃದಯದ ತೊಂದರೆ ಇರುವ ಮನುಷ್ಯರು, ಮುಗಿಯಲು ಬಂದ ಪುಸ್ತಕ. ತಿಳಿಯದವಳು ನಾನು ಬಾಯಿ ಹಾಕಿದೆ ಎಂದು ಬೇಸರವಾಗಿತ್ತು. ಫೋನು ಮಾಡಲು ಧೈರ್ಯ ಸಾಲಲಿಲ್ಲ.

ಅವರು ಬಂದಾಗ ತೆಳ್ಳಗಾಗಿದ್ದರು. ಸ್ಟೂಲಿನ ಮೇಲೆ ಕುಳಿತು ಉಸಿರು ತೆಗೆದುಕೊಂಡರು.

“ತಪ್ಪಾಯ್ತು ಸಾರ್, ನಾನ್ ಅವತ್ತು...”

“ನೀನ್ಯಾಕಮ್ಮ ತಪ್ಪಾಯ್ತು ಅಂತೀಯ? ಆ ಪುಸ್ತಕ ನಾನು ಮೂರ್ ಸಲ ಓದಿದೀನಿ. ಮೂರ್ ಸಲಾನೂ ಕೆರೆ ಕಾಣಿಸ್ತು. ಜನ ಕಾಣಿಸ್ಲಿಲ್ಲ.”

ಆಮೇಲೆ ಅವರು ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆಯುತ್ತೇನೆ. “ನಂದೂ ಒಂದಿದೆ. ಕೆಲಸದಲ್ಲಿದ್ದಾಗ ಒಂದ್ ಕೆರೆ ಏರಿ ಬಿರುಕು ಬಿಟ್ಟಿತ್ತು. ಮೇಲೆ ಮೋಡ ಕಟ್ಟಿದೆ. ನಮ್ ಗ್ಯಾಂಗ್‌ನೋನು ಒಬ್ಬ ಬಂದು, ಸಾಮಿ, ಅವ್ವಂಗೆ ಕಾಯಿಲೆ ಜೋರಾಗೈತೆ, ಎರಡ್ ದಿನ ಕಳ್ಸಿ ಅಂದ. ಕೋಡಿ ಬೀಳೋ ಹೊತ್ನಲ್ಲಿ ಏರಿ ಬಿಟ್ ಹೋಗ್ತಾರೇನಯ್ಯ ಅಂದೆ. ಅವ್ನು ಸುಮ್ನೆ ಮಣ್ಣಿನ ಮಂಕರಿ ಎತ್ಕೊಂಡ. ಏರಿ ಉಳೀತು. ಆಯಮ್ಮ ಉಳೀಲಿಲ್ಲ. ತಲೆ ಬೋಳಿಸ್ಕೊಂಡು ಬಂದು ಮತ್ತೆ ಮಣ್ಣು ಹೊತ್ತ, ಒಂದ್ ಮಾತೂ ಅನ್ಲಿಲ್ಲ. ನಂಗೆ ಮೇಲಿನೋರು ಶಭಾಷ್ ಅಂದ್ರು. ಅದಕ್ಕೇ ಕಣಮ್ಮ, ಆ ಸಾಲು ಬರೀವಾಗ ನಂಗೆ ಏನೂ ಅನ್ನಿಸ್ಲಿಲ್ಲ. ಕೆರೆ ಕೆಲಸದೋರ್ಗೆ ಅದು ಸರಿಯಾಗೇ ಕಾಣುತ್ತೆ.”

ಓಡಿಹೋದ ಎಂದು ಮನೆಯವರು ಹೇಳುತ್ತಿದ್ದ ಆ ತಮ್ಮ ಹನ್ನೆರಡು ಮಂದಿಯಲ್ಲಿ ಒಬ್ಬ ಎಂದು ಅವರಿಗೆ ಈಗ ಬಲವಾಗಿ ಅನಿಸಿತ್ತು. ಹಡಗು, ಕಾಲ, ಕೆರೆ, ಎಲ್ಲವೂ ಹೊಂದುತ್ತಿದ್ದವು. ಓಡಿಹೋಗಿರಲಿಲ್ಲ, ಮೂರು ವರ್ಷಕ್ಕೆಂದು ಹೋಗಿ ತಿರುಗಿ ಬರಲು ಬಿಡದ್ದರಿಂದ ಅಲ್ಲೇ ಉಳಿದುಬಿಟ್ಟವನು. ನೂರು ವರ್ಷಕ್ಕೂ ಮೇಲೆ ಅವನಿಗೆ ಮನೆಯಲ್ಲಿ ಒಂದು ತುತ್ತು ಇಟ್ಟಿಲ್ಲ.

“ಪುಸ್ತಕ ಮುಗಿಯೋದು ಆಮೇಲೆ. ಅವನಿಗೊಂದು ಎಲೆ ಹಾಕಿಸ್ಬೇಕು. ಅದು ನನ್ನ ಕೈಯಲ್ಲಿಲ್ಲ, ನಮ್ಮಕ್ಕನ ಕೈಯಲ್ಲಿದೆ,” ಎಂದರು.

ಕ್ಯಾಪ್ಟನ್ನನ ಮೇಲೆ ಅವರು ಕೋಪ ಮಾಡಿಕೊಳ್ಳಲಿಲ್ಲ, ಅದು ನನಗೆ ಆಶ್ಚರ್ಯ. ಹಿಂದಿನ ಹತ್ತು ಅಧ್ಯಾಯ ಹೊಡೆದುಹಾಕಲಾ ಎಂದು ಕೇಳಿದೆ. ಬೇಡ ಎಂದರು. “ಅವನ ಕೆರೆ ಒಳ್ಳೆ ಕೆರೆ. ಅದನ್ನ ಸುಳ್ಳು ಅನ್ನಕ್ಕಾಗಲ್ಲ. ಏರಿ ಒಡೆಯೋದ್ ಬೇಡ. ಒಂದ್ ಕೋಡಿ ಇಡೋಣ, ಹರಿದು ಹೋಗೋದು ಹೋಗ್ಲಿ.” ಹನ್ನೊಂದನೆಯ ಅಧ್ಯಾಯದಿಂದ ‘ನಿಷ್ಠೆ’ಯ ವಾಕ್ಯವನ್ನು ತೆಗೆಸಿದರು. ಮೊದಲಿನ ಎರಡು ವಾಕ್ಯ ಉಳಿದವು. ಅವುಗಳಿಂದಲೇ ಶುರುಮಾಡಿ ಹನ್ನೆರಡು ಮಂದಿಯ ಮೇಲೆ ಹೊಸದಾಗಿ ಏಳು ಪುಟ ಬರೆದರು. ಗೊತ್ತಿರುವುದು ಕಡಿಮೆ, ಆದ್ದರಿಂದ ಗೊತ್ತಿಲ್ಲ ಎಂಬುದನ್ನೇ ಹಲವು ಸಲ ಬರೆದಿದ್ದರು. ಅವರು ಏನು ಉಣ್ಣುತ್ತಿದ್ದರೋ ಗೊತ್ತಿಲ್ಲ. ಅರ್ಜಿ ಬರೆದುಕೊಟ್ಟವರು ಯಾರೋ ಗೊತ್ತಿಲ್ಲ. ಎರಡನೆಯ ಅರ್ಜಿಗೆ ಉತ್ತರ ಬಂದ ದಿನ ಯಾವ ಕೆರೆಯ ಮೇಲೆ ಯಾರಿದ್ದರೋ ಗೊತ್ತಿಲ್ಲ.

ಒಂದು ಭಾನುವಾರ ನನ್ನನ್ನು ಕೆಂಗೇರಿಗೆ ಕರೆದುಕೊಂಡು ಹೋದರು. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಹಳೇ ಕೆಂಗೇರಿಯ ಆ ಮನೆ, ದೇವರು, ಹಿರಿಯರ ಹಬ್ಬ ಎಲ್ಲವೂ ಅವರ ಸುಪರ್ದಿನಲ್ಲಿ. ಎಂಬತ್ತು ದಾಟಿದ್ದರೂ ಅಡುಗೆ ಬೇರೆಯವರ ಕೈಗೆ ಕೊಟ್ಟಿರಲಿಲ್ಲ.

“ನಾನು ಯಾಕೆ ಸಾರ್?” ಎಂದು ಮೆಟ್ರೋದಲ್ಲಿ ಕೇಳಿದೆ.

“ಆ ಏಳು ಪುಟ ನೀನ್ ಓದ್ಬೇಕು. ನಾನ್ ಓದಿದ್ರೆ ಅವ್ಳು ನಂಬಲ್ಲ. ಆರ್ನೇ ವಯಸ್ಸಲ್ಲಿ ಬೆಲ್ಲ ಕದ್ದಿದ್ದೆ. ಇನ್ನೂ ಕೇಸು ನಡೀತಾ ಇದೆ.”

ರೈಲು ನಾಯಂಡಹಳ್ಳಿ ದಾಟಿದ ಮೇಲೆ ಅವರು ಕಿಟಕಿಗೆ ಹಣೆ ತಾಗಿಸಿ, ಇದು ಇಂಥ ಕೆರೆಯ ಅಂಗಳ, ಇದು ಅದರ ಕಾಲುವೆ ಎಂದು ತೋರಿಸುತ್ತಾ ಹೋದರು. ನನಗೆ ಕಾಣಿಸಿದ್ದು ಅಪಾರ್ಟ್‌ಮೆಂಟು, ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ.

ಅಕ್ಕ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಮ್ಮನನ್ನು ನೋಡಿ, “ಏನ್ಲಾ ಇಷ್ಟೊಂದು ಸೊರಗಿದೀಯ? ನಿನ್ ಮಗಳು ಊಟ ಹಾಕ್ತಾಳೋ ಮಾತ್ರೇನೇ ಹಾಕ್ತಾಳೋ?” ಎಂದರು. ನನ್ನನ್ನು ನೋಡಿ, “ಬಾಮ್ಮ ಕೂತ್ಕೊ. ಇವ್ನ ಪುರಾಣ ಕುಟ್ಟೋ ಹೆಣ್ಣುಮಗಳು ನೀನೇನಾ? ನಿಂಗೆ ಪುಣ್ಯ ಬರುತ್ತೆ,” ಎಂದರು.

ನಾನು ಓದಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದಾಗ ಮೊರದಲ್ಲಿ ಕಾಳು ಗುಡ್ಡೆಯಾಗಿತ್ತು.

“ನಿನ್ ದೊರೆ ಅವನ ಹೆಸರು ಬರೆದವ್ನಾ?”

“ಇಲ್ಲಕ್ಕ.”

“ಊರ ಹೆಸರು?”

“ಇಲ್ಲ. ಹನ್ನೆರಡು ಜನ ಅಂತ ಮಾತ್ರ.”

“ಮತ್ತೆ ನಮ್ಮೋನೇ ಅಂತ ನಿಂಗೆ ಯಾರು ಹೇಳಿದ್ದು? ಕಲ್ಲಿಗೆ ಕಿವಿ ಇಟ್ಟು ಕೇಳಿದ್ಯಾ?”

ಅವರು ತಲೆ ಬಗ್ಗಿಸಿದರು. ಲೆಕ್ಕ ತಾಳೆಯಾಗದೆ ಯಾವುದನ್ನೂ ಒಪ್ಪದ ಮನುಷ್ಯನಿಗೆ ಅಕ್ಕನ ಎದುರಿಗೆ ತಾಳೆ ಮಾಡಿ ತೋರಿಸಲು ಏನೂ ಇರಲಿಲ್ಲ. “ಗೊತ್ತಿಲ್ಲಕ್ಕ. ಇದ್ರೂ ಇರ್ಬೋದು ಅಷ್ಟೇ,” ಎಂದರು.

“ಇರ್ಬೋದು ಅಂತ ಎಡೆ ಇಕ್ಕಕ್ಕಾಯ್ತದಾ? ಅವನ ಹೆಂಡ್ತೀನ ನಮ್ಮಜ್ಜಿ ಕಣ್ಣಾರೆ ಕಂಡಿದ್ಲು. ಕೊನೆಗಾಲದಲ್ಲೂ ಸಾಯಂಕಾಲ ಆದ್ರೆ ಬಾಗಿಲಿಗೆ ಬಂದು ಕೂರೋಳಂತೆ. ನಾನು ಗಂಡ ಸತ್ತು ಬಂದೋಳು. ಸತ್ತ ಅಂತಾದ್ರೂ ಗೊತ್ತಿತ್ತು ನಂಗೆ. ಅವಳಿಗೆ ಅದೂ ಇರ್ಲಿಲ್ಲ. ಅವಳ ಎಲೆ ಪಕ್ಕ ಅವನ್ನ ತಂದು ಕೂರ್ಸು ಅಂತೀಯಲ್ಲ, ಅವಳನ್ನ ಕೇಳೋರು ಯಾರು?”

ಅವರು ಮೊರದ ಕಾಳನ್ನು ಬೆರಳಿನಲ್ಲಿ ಮಟ್ಟ ಮಾಡಿದರು. ಆಮೇಲೆ, ಮೆಲ್ಲಗೆ, “ಹಂಗಾದ್ರೆ ಹನ್ನೆರಡು ಎಲೆ ಹಾಕು. ನಮ್ಮೋನು ಅದ್ರಲ್ಲಿ ಯಾರೋ ಒಬ್ಬ ಇರ್ತಾನೆ,” ಎಂದರು.

“ನಮ್ಮನೇನ್ ಛತ್ರವೇನ್ಲಾ!” ಎಂದು ಅಕ್ಕ ನಕ್ಕುಬಿಟ್ಟರು. ಇವರೂ ನಕ್ಕರು. ಮಾತು ಅಲ್ಲಿಗೆ ನಿಂತಿತು. ಅವರೆಕಾಳಿನ ಉಪ್ಪಿಟ್ಟು ಮಾಡಿ ಹಾಕಿದರು. ಹೊರಡುವಾಗ ತಮ್ಮನ ಅಂಗಿಯ ಕಾಲರ್ ಸರಿ ಮಾಡಿ ಕಳುಹಿಸಿದರು. ಎಡೆ ಇಡುತ್ತೇನೆ ಎಂದಾಗಲಿ, ಬೇಡ ಎಂದಾಗಲಿ ಹೇಳಲಿಲ್ಲ.

ಅದಾದ ಮೇಲೆ ಅವರು ಅಂಗಡಿಗೆ ಬಂದದ್ದು ಕೆಲವೇ ಸಲ. ಗವರ್ನರನ ನಿವೃತ್ತಿಯ ಅಧ್ಯಾಯವನ್ನು ಅರ್ಧ ಬರೆದಿದ್ದರು. ಕೊನೆಯ ಸಲ ಬಂದಾಗ ಹಾಳೆ ತಂದಿರಲಿಲ್ಲ. ಟೀ ಅಂಗಡಿಯವನು ಎಂದಿನಂತೆ ಎಲ್ಲಿಗೆ ಬಂದರು ಎಂದು ಕೂಗಿದ. “ಅವ್ರು ಊರಿಗೆ ಹೋದ್ರು ಕಣಯ್ಯ. ನಮ್ಮೋರು ಇನ್ನೂ ಬಂದಿಲ್ಲ,” ಎಂದರು. ಅವನಿಗೆ ಅರ್ಥವಾಗಲಿಲ್ಲ. ಟೀ ಕೊಟ್ಟ.

ಆಷಾಢದ ಒಂದು ಬೆಳಿಗ್ಗೆ ಪೇಪರು ಓದುತ್ತಾ ಕುಳಿತಿದ್ದವರು ಕುರ್ಚಿಯಲ್ಲೇ ಹೋದರು. ನಾನು ಹೋಗಿ ನೋಡಿದೆ. ಜೇಬಿನಲ್ಲಿ ಎರಡು ಪೆನ್ಸಿಲ್ಲು ಹಾಗೆಯೇ ಇದ್ದವು, ಯಾರೋ ತೆಗೆದಿಟ್ಟರು. ಅಳು ಬಂದದ್ದು ಅಲ್ಲಿ ಅಲ್ಲ. ಅದಾಗಿ ಒಂದು ವಾರಕ್ಕೆ, ಜೋರು ಮಳೆಯಲ್ಲಿ, ಅಂಗಡಿಯ ಮುಂದಿನ ಮೋರಿ ಉಕ್ಕಿ ಹರಿಯುತ್ತಿತ್ತು. ಅದು ಯಾವ ಕಡೆಯಿಂದ ತಿರುಗಿತು ಎಂದು ಹೇಳುವವರು ಇರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಅಕ್ಕ ಫೋನು ಮಾಡಿಸಿದರು. “ಆ ಏಳು ಹಾಳೆ ತಗೊಂಡು ಬಾಮ್ಮ ಹಬ್ಬದ್ ದಿನ,” ಎಂದಷ್ಟೇ ಹೇಳಿ ಇಟ್ಟರು.

ಮನೆಯಲ್ಲಿ ಸಾವಾದ ವರ್ಷ ಹಬ್ಬ ಮಾಡಬೇಕೋ ಬೇಡವೋ ಎಂದು ದಾಯಾದಿಗಳಲ್ಲಿ ಮಾತಾಯಿತಂತೆ. ಮಾಡಲೇಬೇಕು ಎಂದು ಅಕ್ಕ ಹಠ ಹಿಡಿದರಂತೆ. ನಾನು ಹೋದಾಗ ನಡುಮನೆಯಲ್ಲಿ ಎಲೆಗಳನ್ನು ಸಾಲಾಗಿ ಹಾಕಿ ಆಗಿತ್ತು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಒಬ್ಬೊಬ್ಬರ ಎಲೆಯ ಬಳಿ ಅವರಿಗೆ ಇಷ್ಟವಾದದ್ದು: ಬೀಡಿ ಕಟ್ಟು, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ಅವರ ಮನೆಯ ಪದ್ಧತಿಯಲ್ಲಿ ವರ್ಷ ತುಂಬದವರಿಗೆ ಆ ದಿನ ಎಲೆ ಇಲ್ಲ. ಆದ್ದರಿಂದ ಆಷಾಢದಲ್ಲಿ ಹೋದವರದು ಇರಲಿಲ್ಲ. ಕುಪ್ಪಸದ ಕಣ ಇಟ್ಟಿದ್ದ ಎಲೆ ಆ ಕಾಯುತ್ತಿದ್ದ ಹೆಂಗಸಿನದು. ಅದರ ಪಕ್ಕದಲ್ಲಿ ಇನ್ನೊಂದು ಎಲೆ ಇತ್ತು. ಉಳಿದವಕ್ಕಿಂತ ದೊಡ್ಡದು, ತುದಿಯವರೆಗೂ ಪೂರ್ತಿ ಇದ್ದ ಬಾಳೆ ಎಲೆ. ಅದರ ಮೇಲೆ ಮುದ್ದೆಗಳು ಗುಡ್ಡೆಯಾಗಿದ್ದವು.

ಎಡೆ ಇಡಲು ಬಂದಿದ್ದ ದಾಯಾದಿಯೊಬ್ಬರು, “ಇದು ಯಾರ್ದು ದೊಡ್ಡಮ್ಮ?” ಎಂದರು.

“ಹನ್ನೆರಡು ಜನದ್ದು. ಹನ್ನೆರಡು ಎಲೆಗೆ ಜಾಗ ಎಲ್ಲೈತೆ ಇಲ್ಲಿ? ಒಂದೇ ಏರಿ ಮೇಲೆ ದುಡಿದೋರು, ಒಂದೇ ಎಲೇಲಿ ಉಣ್ಲಿ.” ಆಮೇಲೆ ನನ್ನ ಕಡೆ ತಿರುಗಿದರು. “ಓದಮ್ಮ. ಎಲ್ಲಾನೂ ಬ್ಯಾಡ. ಅವರು ಊರಿಗೆ ಕಳ್ಸಿ ಅಂತ ಕೇಳಿದ್ರಲ್ಲ, ಅದನ್ನ ಓದು. ಆಯಮ್ಮಂಗೆ ಕೇಳ್ಲಿ.”

ನಾನು ಎಲೆಗಳ ಮುಂದೆ ನಿಂತು ಆ ಎರಡು ಸಾಲು ಓದಿದೆ.

“ಎಷ್ಟ್ ಸಲ ಕೇಳಿದ್ರು?”

“ಎರಡ್ ಸಲ ಅಜ್ಜಿ.”

“ಜೋರಾಗ್ ಹೇಳು.”

“ಎರಡ್ ಸಲ.”

ಅಕ್ಕ ಆ ಹೆಂಗಸಿನ ಎಲೆಯನ್ನು ಸ್ವಲ್ಪ ಹೊತ್ತು ನೋಡಿದರು. ಧೂಪ ಹಾಕಿದರು. ಆಮೇಲೆ ಎಲ್ಲರನ್ನೂ ಹೊರಗೆ ಕಳುಹಿಸಿ ಬಾಗಿಲು ಮುಂದಕ್ಕೆ ಎಳೆದರು. ಹಿರಿಯರು ಬಂದು ಉಣ್ಣುವ ಹೊತ್ತಿನಲ್ಲಿ ಯಾರೂ ಒಳಗೆ ಇರಬಾರದು, ಅವರಿಗೆ ಸಂಕೋಚವಾಗುತ್ತದೆ. ಉಂಡು ಮುಗಿಯುವಷ್ಟು ಹೊತ್ತು ಬಿಟ್ಟು, ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿ, ಆಮೇಲೆ ತೆಗೆಯಬೇಕು.

ಜಗಲಿಯ ಮೇಲೆ ಎಲ್ಲರೂ ಕುಳಿತೆವು. ಯಾವಾಗಲೂ ಬಿಡುವಷ್ಟು ಹೊತ್ತು ಕಳೆಯಿತು. ಒಳಗಿನಿಂದ ಧೂಪದ ವಾಸನೆ ತೆಳುವಾಯಿತು. ದಾಯಾದಿ ಎದ್ದು ಬಾಗಿಲ ಬಳಿ ಹೋಗಿ ಕೆಮ್ಮಲು ಗಂಟಲು ಸರಿಮಾಡಿಕೊಂಡರು. ಅಕ್ಕ ಕೂತಲ್ಲಿಂದಲೇ ಅವರ ಪಂಚೆಯ ಅಂಚು ಹಿಡಿದು ಎಳೆದರು.

“ಕೂತ್ಕೊಳ್ಲಾ ಇನ್ನೊಂದ್ ಗಳಿಗೆ,” ಎಂದರು. “ದೂರದಿಂದ ಬಂದವ್ರೆ. ನಿಧಾನಕ್ಕೆ ಉಣ್ಲಿ.”